ರತ್ನಮ್ಮ ಎಡಕ್ಕೆ ತಿರುಗಿಸಿದ ಕಲ್ಲು

ಡಬ್ಲಿನ್ ಮಗ್ಗುಲಿನ ಸ್ವೋರ್ಡ್ಸ್ ಊರಿನ ಕನ್ನಡದ ಮನೆಗಳಲ್ಲಿ ಭಾನುವಾರದ ದೋಸೆ ಗರಿಗರಿಯಾಗಿ ಎದ್ದರೆ ಆ ಮನೆಯಾಕೆಗೆ ಹೊಗಳಿಕೆ, ಕಾವಲಿಗೆ ಕಚ್ಚಿಕೊಂಡರೆ ನನ್ನ ಅಂಗಡಿಗೆ ಬೈಗುಳ. ಹಿಟ್ಟು ರುಬ್ಬಿದ ರತ್ನಮ್ಮನ ಹೆಸರು ಎರಡರಲ್ಲೂ ಬರುತ್ತಿರಲಿಲ್ಲ. ಡಬ್ಬಿಯ ಮೇಲೆ ಅಂಗಡಿಯ ಹೆಸರಿತ್ತು. ವ್ಯಾಪಾರ ನಡೆಯುವುದೇ ಹಾಗೆ.

ರತ್ನಮ್ಮ ನಂಜನಗೂಡಿನವರು. ಗಂಡ ಮಹಾದೇವ ಅಡುಗೆಯವರು. ಡಬ್ಲಿನ್ನಿನ ಗ್ರ್ಯಾಂಡ್ ಕೆನಾಲ್ ಡಾಕ್‌ನಲ್ಲಿ ದೊಡ್ಡ ಕಂಪನಿಗಳ ಗಾಜಿನ ಕಟ್ಟಡಗಳ ಮಗ್ಗುಲಿಗೆ ಒಂದು ದಕ್ಷಿಣ ಭಾರತದ ಹೋಟೆಲಿತ್ತು. ಅಲ್ಲಿನ ಕಾವಲಿಯ ಮುಂದೆ ನಿಲ್ಲಲು ಕೆಲಸದ ಪರ್ಮಿಟ್ ಮೇಲೆ ಬಂದವರು ಅವರು. ಬೆನ್ನ ಹಿಂದೆಯೇ ರತ್ನಮ್ಮ ಬಂದರು. ಮಕ್ಕಳಿರಲಿಲ್ಲ. ಬಂದ ಮೊದಲ ಚಳಿಗಾಲದಲ್ಲಿ ಆಕೆ ರುಬ್ಬಿದ ಹಿಟ್ಟು ಮೂರು ದಿನವಾದರೂ ಹುಳಿ ಬರಲಿಲ್ಲವಂತೆ. ಇಲ್ಲಿನ ಮನೆಗಳಲ್ಲಿ ಬಿಸಿನೀರಿನ ಟ್ಯಾಂಕಿಗೆಂದೇ ಒಂದು ಬೀರುವಿರುತ್ತದೆ, ಹಾಟ್ ಪ್ರೆಸ್ ಎನ್ನುತ್ತಾರೆ. ಐರಿಷ್ ಹೆಂಗಸರು ಅದರಲ್ಲಿ ಟವೆಲ್ ಬೆಚ್ಚಗಿಡುತ್ತಾರೆ. ರತ್ನಮ್ಮ ಟವೆಲ್ಲುಗಳನ್ನು ಹೊರಗೆಸೆದು ಹಿಟ್ಟಿನ ಪಾತ್ರೆ ಒಳಗಿಟ್ಟರು. ಮರುದಿನ ಹಿಟ್ಟು ಉಕ್ಕಿ ಬಂತು, ಮನೆ ಮಾಲೀಕನೂ ಉಕ್ಕಿ ಬಂದ. ಅಂದಿನಿಂದ ಅವರು ರುಬ್ಬುವುದು ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ.

ಗಂಡ ಹೆಂಡತಿಯದು ಒಂದೇ ಜಗಳ, ದಿನವೂ ಅದೇ.

"ನಿಮ್ ಹೋಟ್ಲು ದೋಸೆಗೆ ಸೋಡಾ ಹಾಕ್ತೀರ. ನಾನು ತಾಳ್ಮೆ ಹಾಕ್ತೀನಿ."

"ತಾಳ್ಮೆನಾ? ನೀನಾ? ಎಲ್ಲಿ ತಗೊಂಡೆ, ಶ್ರೀಕಂಠಣ್ಣನ ಅಂಗಡೀಲಾ? ಡೇಟ್ ನೋಡ್ಕೊಂಡ್ಯಾ?"

ನನ್ನ ಅಂಗಡಿಯ ಸಾಮಾನಿನ ತಾರೀಖಿನ ಬಗ್ಗೆ ಆ ಮನುಷ್ಯನಿಗೆ ಸದಾ ಅನುಮಾನ. ಪೂರ್ತಿ ಸುಳ್ಳೆಂದು ನಾನೂ ಹೇಳಲಾರೆ.

ಎರಡು ಸಾವಿರದ ಇಪ್ಪತ್ತರ ಶಿವರಾತ್ರಿ ಮುಗಿದ ಭಾನುವಾರ ಕನ್ನಡದವರೆಲ್ಲ ಬಸ್ಸು ಮಾಡಿಕೊಂಡು ವಾಟರ್‌ಫರ್ಡ್ ಕೌಂಟಿಯ ಕಡಲತೀರಕ್ಕೆ ಹೋದೆವು. ಹೊರಡಿಸಿದವಳು ಪ್ರೇರಣಾ, ಕಿಲ್ಕೆನ್ನಿಯ ಆಸ್ಪತ್ರೆಯಲ್ಲಿ ಡಾಕ್ಟರು, ಮೈಸೂರಿನಲ್ಲಿ ಓದಿದ ಹುಡುಗಿ. ಫೆಬ್ರವರಿಯಲ್ಲಿ ಐರ್ಲೆಂಡಿನ ಸಮುದ್ರ ನೋಡಲು ಬುದ್ಧಿ ನೆಟ್ಟಗಿರುವವರು ಯಾರೂ ಹೋಗುವುದಿಲ್ಲ. ಅದಕ್ಕೇ ಬಸ್ಸು ಅಗ್ಗವಾಗಿ ಸಿಕ್ಕಿತು. ಊಟದ ಡಬ್ಬಿಗಳು ನನ್ನವು.

ಊರಿನ ಹೆಸರು ಬ್ಯಾಲಿಕ್ರೋನ್. ನೋಡಲು ಅಲ್ಲಿ ಏನಿದೆಯೆಂದರೆ, ಕಡಲಿನ ಕಡೆಗೆ ಮುರಿದು ನಿಂತ ಬಂಡೆಯ ಅಂಚು, ಅದರ ತಲೆಯ ಮೇಲೆ ಮುಚ್ಚಿಹೋದ ತಾಮ್ರದ ಗಣಿಯ ಎಂಜಿನ್ ಮನೆ, ಸೂರಿಲ್ಲದ ಒಂದು ಇಗರ್ಜಿ, ಬೇಸಿಗೆಗೆ ಮಾತ್ರ ತೆರೆಯುವ ಒಂದು ಟೀ ಅಂಗಡಿ. ಪ್ರತಿಯೊಂದರ ಮುಂದೆಯೂ ಅದಕ್ಕಿಂತ ಒಳ್ಳೆಯ ಸ್ಥಿತಿಯಲ್ಲಿರುವ ಫಲಕ. ಇಗರ್ಜಿಯ ಬೀಗದ ಕೈ ಡಿಂಪ್ನಾ ಎಂಬ ಮುದುಕಿಯ ಬಳಿ ಇತ್ತು. ಊರಿನ ಪರಂಪರೆ ಉಳಿಸುವ ಸಮಿತಿಯಲ್ಲಿ ಹೆಸರು ಹಲವರದು, ಮಳೆಯಲ್ಲಿ ಬಂದು ನಿಲ್ಲುವ ಕಾಲು ಆಕೆಯದು.

ಇಗರ್ಜಿಯ ಅಂಗಳದಲ್ಲಿ ಒಂದು ಬಂಡೆ. ಅದರ ನೆತ್ತಿಯಲ್ಲಿ ಗುಂಡನೆಯ ಕುಳಿ. ಕುಳಿಯ ಮಳೆನೀರಿನಲ್ಲಿ ನಯವಾದ ಒಂದು ಗುಂಡುಕಲ್ಲು. ಡಿಂಪ್ನಾ ಅದರ ಕತೆ ಹೇಳಿದಳು. ಸೂರ್ಯ ಹೋಗುವ ದಿಕ್ಕಿಗೆ, ನಮ್ಮ ಲೆಕ್ಕದಲ್ಲಿ ಪ್ರದಕ್ಷಿಣೆಯಾಗಿ, ಕಲ್ಲು ತಿರುಗಿಸಿ ಬೇಡಿಕೊಂಡರೆ ಒಳ್ಳೆಯದಾಗುತ್ತದೆ. ಎದುರು ದಿಕ್ಕಿಗೆ ತಿರುಗಿಸಿ ಆಡಿದ ಮಾತು ಶಾಪವಾಗಿ ತಟ್ಟುತ್ತದೆ. ತಿರುಗಿಸಿದವರೇ ಬಂದು ವಾಪಸ್ ತಿರುಗಿಸುವ ತನಕ ಅದಕ್ಕೆ ಬಿಡುಗಡೆಯಿಲ್ಲ. ಎಲ್ಲರೂ ಅರ್ಧ ಮನಸ್ಸಿನಿಂದ ತಲೆಯಾಡಿಸಿ ಇಗರ್ಜಿಯ ಕಡೆ ಹೋದೆವು.

ರತ್ನಮ್ಮ ಬಸ್ಸಿನಲ್ಲಿ ನನ್ನ ಡಬ್ಬಿಗಳನ್ನು ಜೋಡಿಸುತ್ತಿದ್ದುದರಿಂದ ಈ ಕತೆ ಅವರ ಕಿವಿಗೆ ಬೀಳಲಿಲ್ಲ. ಆಮೇಲೆ ಸೀರೆಯ ಮೇಲೆ ಗಂಡನ ಜಾಕೆಟ್ಟು ಹಾಕಿಕೊಂಡು ಬಂದವರು ಬಂಡೆಯ ಮುಂದೆ ನಿಂತುಬಿಟ್ಟರು.

"ಅಯ್ಯೋ, ಒರಳುಕಲ್ಲು! ಯಾವ ಪುಣ್ಯಾತ್ಗಿತ್ತಿ ಇದನ್ನ ಹಿಂಗೆ ಮಳೇಲಿ ಬಿಟ್ ಹೋದ್ಲು?"

ನೆರಿಗೆ ಸಿಕ್ಕಿಸಿಕೊಂಡು ಕೂತೇಬಿಟ್ಟರು. ಬಲಗೈ ಗುಂಡುಕಲ್ಲಿನ ಮೇಲೆ, ಇಲ್ಲದ ಹಿಟ್ಟನ್ನು ಎಡಗೈ ಒಳಕ್ಕೆ ತಳ್ಳುತ್ತಿತ್ತು. ತವರಿನ ಒರಳಿನಲ್ಲಿ ಕಲಿತ ಕೈ ಅದು. ತಿರುಗಿದ್ದು ಎಡಕ್ಕೆ, ಅಪ್ರದಕ್ಷಿಣೆಯಾಗಿ. ಜನ ಫೋನ್ ಎತ್ತಿ ಹಿಡಿದು ಸುತ್ತ ಸೇರಿದರು.

"ಆಂಟಿ, ಏನ್ ರುಬ್ತಿದೀರ?" ಎಂದಳು ಪ್ರೇರಣಾ.

"ನಮ್ಮೆಜಮಾನ್ರ ಹೋಟ್ಲು ಬಾಗ್ಲಾಕ್ಲಿ, ಊರೋರೆಲ್ಲಾ ಮನೇಲೇ ಕೂತ್ಕೊಂಡು ನನ್ ಹಿಟ್ಟಲ್ಲೇ ದೋಸೆ ಹುಯ್ಕೊಳ್ಳಂಗಾಗ್ಲಿ ಅಂತ ರುಬ್ತಿದೀನಮ್ಮ!"

ಎಲ್ಲರಿಗಿಂತ ಜೋರಾಗಿ ನಕ್ಕವರು ಮಹಾದೇವ. "ಬಾಗ್ಲಾಕ್ಲಿ ಬಿಡೇ. ನಾನು ಮನೇಲಿ ಕೂತ್ಕೊಂಡು ನಿನ್ ದೋಸೆಗೆ ಮಾರ್ಕ್ಸ್ ಹಾಕ್ತೀನಿ."

ಇಗರ್ಜಿಯ ಬಾಗಿಲಿನಿಂದ ಓಡಿಬಂದ ಡಿಂಪ್ನಾ ರತ್ನಮ್ಮನ ಮಣಿಕಟ್ಟು ಹಿಡಿದುಕೊಂಡಳು. ನಗುತ್ತಿದ್ದಳು, ಆದರೆ ಹಿಡಿತ ಬಿಗಿಯಾಗಿತ್ತು. ಆ ಕಡೆಗೆ ತಿರುಗಿಸಬಾರದು ಎಂದು ಪ್ರೇರಣಾ ವಿವರಿಸಿದಾಗ ರತ್ನಮ್ಮ ಕಾದ ಕಾವಲಿ ಮುಟ್ಟಿದವರಂತೆ ಕೈ ಹಿಂದಕ್ಕೆ ತೆಗೆದರು. ನಿನಗೆ ಗೊತ್ತಿರಲಿಲ್ಲ, ಇಟ್ಸ್ ಗ್ರ್ಯಾಂಡ್, ಇಟ್ಸ್ ಗ್ರ್ಯಾಂಡ್ ಎಂದಳು ಡಿಂಪ್ನಾ. ಪರವಾಗಿಲ್ಲ ಎನ್ನಲು ಈ ದೇಶದಲ್ಲಿ ಕಾಲು ಮುರಿದವನೂ ಹಾಗೆಯೇ ಹೇಳುತ್ತಾನೆ. ವಾಪಸ್ ತಿರುಗಿಸಲು ಹೊತ್ತಿರಲಿಲ್ಲ. ಮಳೆ ಜೋರಾಯಿತು, ಡ್ರೈವರು ಹಾರ್ನ್ ಬಾರಿಸಿದ, ಎಲ್ಲರೂ ಬಸ್ಸಿಗೆ ಓಡಿದೆವು.

ಮುಂದಿನ ತಿಂಗಳು ದೇಶದ ಹೋಟೆಲುಗಳೆಲ್ಲ ಬಾಗಿಲು ಹಾಕಿದವು. ಊರವರೆಲ್ಲ ಮನೆಯಲ್ಲೇ ಕೂತರು. ಕಾವಲಿಗೂ ಬಾಣಲೆಗೂ ವ್ಯತ್ಯಾಸ ತಿಳಿಯದ ಸಾಫ್ಟ್‌ವೇರ್ ಹುಡುಗರು ಅಂಗಡಿಯ ಮುಂದೆ ದೂರದೂರ ಸಾಲುಗಟ್ಟಿ ನಿಂತು ದೋಸೆ ಹಿಟ್ಟು ಕೇಳಿದರು. ಫ್ರಿಜ್ಜಿನಿಂದ ಮೊಸರು ಇಳಿಸಿ ಹಿಟ್ಟಿಗೆ ಜಾಗ ಮಾಡಿದೆ, ಇನ್ನೊಂದು ಗ್ರೈಂಡರ್ ತರಿಸಿದೆ. ಅಂಥ ವ್ಯಾಪಾರವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

"ಅಣ್ಣ, ನಾನು ಕೇಳಿದ್ದು ಹಿಂಗಲ್ಲ," ಎಂದರು ರತ್ನಮ್ಮ ಒಂದು ದಿನ, ಉದ್ದಿನಬೇಳೆ ತೊಳೆಯುತ್ತ.

"ಹೆಂಗಾದ್ರೂ ಕೇಳಿದ್ರಲ್ಲ ತಾಯಿ. ಇನ್ನೊಂದ್ಸಲ ಹೋಗಿ ಇಡ್ಲಿ ರವೆನೂ ಸೇರ್ಸಿ ಬನ್ನಿ."

ಅವರು ನಗಲಿಲ್ಲ. ಬೇಳೆಯ ನೀರು ತಿಳಿಯಾದ ಮೇಲೂ ತೊಳೆಯುತ್ತಲೇ ಇದ್ದರು.

ಬೇಸಿಗೆಯಲ್ಲಿ ಉಳಿದ ಹೋಟೆಲುಗಳು ತೆರೆದವು, ಮಹಾದೇವರದು ತೆರೆಯಲಿಲ್ಲ. ಗಾಜಿನ ಕಟ್ಟಡಗಳಲ್ಲಿ ಜನವೇ ಇಲ್ಲದ ಮೇಲೆ ಮಧ್ಯಾಹ್ನದ ಊಟಕ್ಕೆ ಯಾರು ಬರಬೇಕು? ಮಾಲೀಕ ಸಾಮಾನು ಮಾರಿ ಹೋದ. ಮಹಾದೇವರಿಗೆ ಕೊನೆಗೆ ಸಿಕ್ಕಿದ್ದು ಒಂದು ವೃದ್ಧಾಶ್ರಮದ ಅಡುಗೆಮನೆ. ಗಂಜಿ, ಬೇಯಿಸಿ ಹಿಸುಕಿದ ಆಲೂಗಡ್ಡೆ, ಮತ್ತೆ ಗಂಜಿ.

"ಉಪ್ಪು ಹಾಕಂಗಿಲ್ಲ, ಖಾರ ಹಾಕಂಗಿಲ್ಲ ಅಣ್ಣ. ಮೊನ್ನೆ ಒಂದು ಒಗ್ಗರಣೆ ಕೊಟ್ಟೆ ನೋಡಿ, ಫೈರ್ ಅಲಾರಂ ಹೊಡ್ಕೊಂಡು ಅಜ್ಜೀರೆಲ್ಲಾ ಗಾರ್ಡನ್ನಿಗೆ ಬಂದ್ರು. ಅದೇ ಅವ್ರಿಗೆ ಈ ವರ್ಷದ ಟೂರು."

ಕ್ರಿಸ್‌ಮಸ್ ಕಳೆದ ಮೇಲೆ ಆ ವೃದ್ಧಾಶ್ರಮಕ್ಕೆ ರೋಗ ನುಗ್ಗಿತು. ರತ್ನಮ್ಮನಿಗೆ ಸಕ್ಕರೆ ಕಾಯಿಲೆ. ಜೊತೆಗೆ ಆಕೆಯ ಕೈ ಅರ್ಧ ಊರಿನ ಹಿಟ್ಟಿನಲ್ಲಿ. ಮಹಾದೇವ ಮನೆಗೆ ಬರುವುದು ಬಿಟ್ಟು ಅಲ್ಲೇ ಕೆಲಸದವರ ಕೋಣೆಯಲ್ಲಿ ಉಳಿದರು. ಅಲ್ಲೇ ಜ್ವರ ಬಂತು. ಅಲ್ಲಿಂದಲೇ ಡಬ್ಲಿನ್ನಿನ ಆಸ್ಪತ್ರೆಗೆ ಒಯ್ದರು. ನೋಡಲು ಯಾರನ್ನೂ ಬಿಡುತ್ತಿರಲಿಲ್ಲ. ಆಕ್ಸಿಜನ್ ಹೆಚ್ಚಿಸಿದ್ದೇವೆ ಎಂದು ಫೋನಿನಲ್ಲಿ ಹೇಳುತ್ತಿದ್ದರು, ಮರುದಿನ ಇನ್ನೂ ಹೆಚ್ಚಿಸಿದ್ದೇವೆ ಎನ್ನುತ್ತಿದ್ದರು.

ಸಂಕ್ರಾಂತಿಯ ಹಿಂದಿನ ದಿನ ರತ್ನಮ್ಮ ಅಂಗಡಿಯ ಮುಂಬಾಗಿಲಿನಿಂದ, ಗಿರಾಕಿಯಂತೆ, ಒಳಗೆ ಬಂದರು.

"ಅಣ್ಣ, ನಾಳೆ ಕಿಲ್ಕೆನ್ನಿ ಡಾಕ್ಟ್ರುಗಳಿಗೆ ಎಳ್ಳು-ಬೆಲ್ಲ ತಗೊಂಡ್ ಹೋಗ್ತಿದೀರಂತಲ್ಲ. ನನ್ನೂ ಕರ್ಕೊಂಡ್ ಹೋಗಿ. ಅಲ್ಲಿಂದ ಸಮುದ್ರಕ್ಕೆ."

"ಸಮುದ್ರಕ್ಕೆ ಯಾಕಮ್ಮ?"

"ವಾಪಸ್ ತಿರುಗ್ಸಬೇಕು. ಅವ್ರಿಗೆ ಉಸಿರಿರೋವಾಗ್ಲೇ."

ಮನೆಯಿಂದ ಐದು ಕಿಲೋಮೀಟರ್ ದಾಟಬಾರದೆಂಬ ಕಾಯಿದೆ ಇತ್ತು. ನನ್ನ ವ್ಯಾನು ದಿನಸಿ ಸಾಗಿಸುವುದರಿಂದ ಅದಕ್ಕೆ ವಿನಾಯಿತಿ, ಮನುಷ್ಯರಿಗಿಲ್ಲ. ಅದನ್ನು ಹೇಳಿದೆ. ಕಲ್ಲಿನಿಂದ ಏನೂ ಆಗುವುದಿಲ್ಲ ಎಂದೂ ಹೇಳಿದೆ. ಅವರು ಕತ್ತೆತ್ತಿ ಬಾಗಿಲ ಮೇಲೆ ನೋಡಿದರು.

"ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದೀರಲ್ಲ, ಅದೇನು ಚಟ್ನಿಗಾ?"

ಮರುದಿನ ಹೊರಟೆವು.

ಹೆದ್ದಾರಿಯಲ್ಲಿ ಗಾರ್ಡಾ ಪೊಲೀಸಿನವನು ತಡೆದ. ವ್ಯಾನಿನ ಹಿಂದುಗಡೆ ಕಬ್ಬಿನ ಜಲ್ಲೆ, ಎಳ್ಳು-ಬೆಲ್ಲದ ಪೊಟ್ಟಣ, ಹಿಟ್ಟಿನ ಡಬ್ಬಿ. ಪಕ್ಕದಲ್ಲಿ ಮಾಸ್ಕಿನೊಳಗೆ ರತ್ನಮ್ಮ, ತೊಡೆಯ ಮೇಲೆ ಫೋನು. ಈಕೆ ಯಾರು ಎಂದ. ಈ ಹಿಟ್ಟು ಮಾಡುವವಳು, ಸರಕಿನ ಜೊತೆ ಬಂದಿದ್ದಾಳೆ ಎಂದೆ. ಅವನು ಕಬ್ಬಿನ ಜಲ್ಲೆಯನ್ನು ತುಸು ಹೊತ್ತು ನೋಡಿ, ತನ್ನ ತರಬೇತಿಯಲ್ಲಿ ಇದಕ್ಕೆ ಉತ್ತರವಿಲ್ಲವೆಂದು ತೀರ್ಮಾನಿಸಿ, ಹೋಗಿ ಎಂದ.

ಕಿಲ್ಕೆನ್ನಿಯಲ್ಲಿ ಪ್ರೇರಣಾ ರಾತ್ರಿಪಾಳಿ ಮುಗಿಸಿ ಬಂದು ಮನೆ ಬಾಗಿಲಲ್ಲೇ ನಿಂತಿದ್ದಳು. ಮೂಗಿನ ಮೇಲೆ ಮಾಸ್ಕಿನ ಗೆರೆ ಕೆಂಪಗೆ ಕೊರೆದಿತ್ತು. ಎಲ್ಲಿಗೆ ಹೊರಟಿದ್ದೇವೆಂದು ಕೇಳಿ ಹಣೆ ಒತ್ತಿಕೊಂಡಳು.

"ಆಂಟಿ, ನನ್ ವಾರ್ಡಲ್ಲಿ ಮಲಗಿರೋರು ಯಾರೂ ಯಾವ್ ಕಲ್ಲೂ ತಿರುಗ್ಸಿಲ್ಲ."

"ಅವ್ರ ಮನೆಯೋರು ಏನೇನ್ ತಿರುಗ್ಸಿದಾರೋ, ನಿಂಗೇನಮ್ಮ ಗೊತ್ತು?"

ಪ್ರೇರಣಾ ಎಳ್ಳು-ಬೆಲ್ಲದ ಪೊಟ್ಟಣ ತೆಗೆದುಕೊಂಡಳು. ಡಬ್ಲಿನ್ನಿನ ವಾರ್ಡಿನವರೊಂದಿಗೆ ಮಾತಾಡಿದ್ದೇನೆ, ಮಧ್ಯಾಹ್ನ ವಿಡಿಯೋ ಕಾಲ್ ಮಾಡಿಸುತ್ತಾರೆ, ಫೋನಿನಲ್ಲಿ ಚಾರ್ಜ್ ಇರಲಿ ಎಂದಳು. ನನ್ನನ್ನು ಪಕ್ಕಕ್ಕೆ ಕರೆದು, "ಅಂಕಲ್, ತುಂಬಾ ತಡ ಮಾಡ್ಬೇಡಿ. ನಾಳೆ ಅವ್ರು ಮಾತಾಡೋ ಸ್ಥಿತೀಲಿ ಇರ್ತಾರೆ ಅಂತ ಹೇಳಕ್ಕಾಗಲ್ಲ," ಎಂದಳು.

ಬ್ಯಾಲಿಕ್ರೋನ್‌ನಲ್ಲಿ ಕಾರು ನಿಲ್ಲಿಸುವ ಜಾಗಕ್ಕೆ ಅಡ್ಡಲಾಗಿ ಸರಪಳಿ. ಟೀ ಅಂಗಡಿಯ ಕಿಟಕಿಗೆ ಹಲಗೆ ಹೊಡೆದಿತ್ತು. ಫಲಕಗಳ ಮೇಲೆ ದೂರವಿರಿ, ಮನೆಯಲ್ಲಿರಿ ಎಂಬ ಹಳದಿ ಚೀಟಿಗಳು. ಇಗರ್ಜಿಯ ಅಂಗಳಕ್ಕೆ ಗೋಡೆ ಹತ್ತಿ ಇಳಿದೆವು. ಬಂಡೆ ಇತ್ತು, ಕುಳಿ ಇತ್ತು, ಕುಳಿಯಲ್ಲಿ ನೀರೂ ಇತ್ತು. ಗುಂಡುಕಲ್ಲು ಇರಲಿಲ್ಲ. ರತ್ನಮ್ಮ ತೋಳಿನ ತನಕ ಕೈಯನ್ನು ನೀರಿಗೆ ಇಳಿಸಿ ತಡಕಿದರು, ಬಂಡೆಯ ಸುತ್ತ ಹುಲ್ಲಿನಲ್ಲಿ ಮಂಡಿಯೂರಿ ತಡಕಿದರು.

"ಅಣ್ಣ, ಯಾರೋ ತಗೊಂಡ್ ಹೋಗಿದಾರೆ. ಅಣ್ಣ, ಏನ್ ಮಾಡೋದು?"

ಕೇಳಲು ಇದ್ದವಳು ಒಬ್ಬಳೇ. ಡಿಂಪ್ನಾಳ ಮನೆ ಇಗರ್ಜಿಯ ಕೆಳಗೆ. ಆಕೆ ವಯಸ್ಸಾದವರಿಗೆ ಸರ್ಕಾರ ಹೇಳಿದಂತೆ ತಿಂಗಳುಗಟ್ಟಲೆ ಒಳಗೇ ಇದ್ದವಳು. ಕಿಟಕಿಯನ್ನು ಒಂದು ಗೇಣು ತೆರೆದಳು. ರತ್ನಮ್ಮನನ್ನು ಕಂಡಕೂಡಲೇ ಗುರುತಿಸಿದಳು. ಒರಳಿನ ಹೆಂಗಸನ್ನು ಆ ಊರು ಮರೆತಿರಲಿಲ್ಲ. ಬಂದ ಕಾರಣವನ್ನು ನಾನು ಇಂಗ್ಲಿಷಿನಲ್ಲಿ ಹೇಳಿದೆ.

ಕಲ್ಲು ತನ್ನ ಅಡುಗೆಮನೆಯಲ್ಲೇ ಇದೆ ಎಂದಳು ಡಿಂಪ್ನಾ. ಬಂದವರೆಲ್ಲ ಮುಟ್ಟುತ್ತಾರೆಂದು ಸಮಿತಿ ತೆಗೆಸಿತಂತೆ. ಆಮೇಲೆ ಗಾಜಿಗೆ ಹತ್ತಿರ ಬಂದು, ತಾನು ಯಾರಿಗೂ ಹೇಳದ ಮಾತೊಂದನ್ನು ಹೇಳಿದಳು. ನಿಜವಾದ ಕಲ್ಲನ್ನು ಆಕೆ ಚಿಕ್ಕವಳಿದ್ದಾಗಲೇ ಯಾರೋ ಕದ್ದೊಯ್ದಿದ್ದರು. ಬಸ್ಸಿನಲ್ಲಿ ಬಂದವರು ಖಾಲಿ ಕುಳಿ ನೋಡಿ ಮುಖ ಸಿಂಡರಿಸಿಕೊಂಡು ಹೋಗುತ್ತಿದ್ದರು. ಟೀ ಅಂಗಡಿ ಆಗ ಆಕೆಯ ಅಪ್ಪನದು. ಒಂದು ಬೆಳಿಗ್ಗೆ ಆತ ಕಡಲದಂಡೆಗೆ ಇಳಿದು, ಹೊಂದುವ ಗುಂಡುಕಲ್ಲೊಂದನ್ನು ಆರಿಸಿ ತಂದು ಇಟ್ಟುಬಿಟ್ಟ. ಅಂಗಡಿಯವನಾಗಿ ಆ ಮನುಷ್ಯನಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ.

"ಆಕೆಗೆ ಹೇಳು, ಅದರಲ್ಲಿ ಏನೂ ಇಲ್ಲ," ಎಂದಳು ಡಿಂಪ್ನಾ. ಕಣ್ಣು ಒದ್ದೆಯಾಗಿತ್ತು. "ಅದು ಬರೀ ಕಲ್ಲು. ಆಕೆಯಿಂದ ಏನೂ ಆಗಲಿಲ್ಲ ಅಂತ ಹೇಳು."

ನಾನು ರತ್ನಮ್ಮನ ಕಡೆ ತಿರುಗಿದೆ. ತೋಳಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಕಲ್ಲು ಕೊಡ್ತಾರಂತೆ. ತುಂಬಾ ಹಳೇದಂತೆ, ಹುಷಾರಾಗಿ ಹಿಡ್ಕೋಬೇಕಂತೆ."

"ಅಣ್ಣ." ಅವರು ನನ್ನ ಮುಖ ನೋಡಲಿಲ್ಲ, ಕಿಟಕಿಯನ್ನೇ ನೋಡುತ್ತಿದ್ದರು. "ಇಷ್ಟ್ ವರ್ಷ ನಿಮ್ ಅಂಗಡಿ ಹಿಂದೆ ಕೂತ್ಕೊಂಡು ಇವ್ರ ಇಂಗ್ಲಿಷೇ ಕೇಳ್ತಿದ್ದಿದ್ದು. ಅವ್ರಪ್ಪ ದಂಡೆಯಿಂದ ಎತ್ಕೊಂಡ್ ಬಂದಿದ್ದಂತೆ."

"ಒಳ್ಳೇದೇ ಆಯ್ತಲ್ಲಮ್ಮ. ನಿಮ್ ತಪ್ಪೇನಿಲ್ಲ ಅಂತಾಯ್ತು."

"ಅದ್ರಲ್ಲಿ ಏನೂ ಇಲ್ಲ ಅಂದ್ರೆ," ಎಂದರು ರತ್ನಮ್ಮ, "ಇನ್ನು ನನ್ ಕೈಲಿ ಮಾಡೋ ಅಂಥದ್ದೂ ಏನೂ ಇಲ್ಲ."

ಆ ಮುದುಕಿ ತನ್ನಪ್ಪನ ಮರ್ಯಾದೆ ಬಿಟ್ಟುಕೊಟ್ಟು ಒಂದು ಉಪಕಾರ ಮಾಡಲು ಹೋಗಿದ್ದಳು. ರತ್ನಮ್ಮ ಅಷ್ಟು ದೂರ ಹೊತ್ತು ತಂದಿದ್ದ ತಪ್ಪನ್ನು ಅವಳು ಕಿತ್ತುಕೊಂಡಳು. ಅದರ ಜೊತೆಗೆ ಪರಿಹಾರವೂ ಹೋಯಿತು. ಒಳಗೆ ಗಡಿಯಾರವೋ ರೇಡಿಯೋವೋ ಏನೋ ಸದ್ದು ಮಾಡುತ್ತಿತ್ತು. ರತ್ನಮ್ಮ ಕಿಟಕಿಯ ಸಂದಿಗೆ ಎರಡೂ ಕೈ ಚಾಚಿದರು.

"ಗಿವ್," ಎಂದರು. "ಪ್ಲೀಸ್. ಗಿವ್."

ಡಿಂಪ್ನಾ ಹೊಸ್ತಿಲ ಮೇಲೆ ಕಲ್ಲಿಟ್ಟು ಒಳಗೆ ಸರಿದಳು. ಮಗುವನ್ನು ಮಳೆಯಿಂದ ಮುಚ್ಚುವಂತೆ ರತ್ನಮ್ಮ ಅದನ್ನು ಸೆರಗಿನಲ್ಲಿ ಸುತ್ತಿ ಒಯ್ದು ಕುಳಿಯಲ್ಲಿಟ್ಟು ಕೂತರು. ಬಲಕ್ಕೆ ತಿರುಗಿಸಬೇಕು, ಅಷ್ಟೇ. ಆದರೆ ಕೈಗೆ ಆ ದಾರಿ ಗೊತ್ತಿರಲಿಲ್ಲ. ಅರ್ಧ ಸುತ್ತಿಗೇ ಮಣಿಕಟ್ಟು ತಾನಾಗಿ ಎಡಕ್ಕೆ ಹೊರಳುತ್ತಿತ್ತು. ಅವರು ಬೆಚ್ಚಿ ನಿಲ್ಲಿಸುತ್ತಿದ್ದರು, ಮತ್ತೆ ಮೊದಲಿನಿಂದ. ಕೊನೆಗೆ ಎರಡೂ ಅಂಗೈ ಒತ್ತಿ, ಹೊಸದಾಗಿ ರುಬ್ಬಲು ಕಲಿಯುವ ಹುಡುಗಿಯಂತೆ, ಅದನ್ನು ಇಂಚಿಂಚಾಗಿ ತಳ್ಳಿದರು. ಈ ಸಲ ಬಾಯಿ ಬಿಡಲಿಲ್ಲ. ನಾನು ಕೊಡೆ ಹಿಡಿದು ನಿಂತಿದ್ದೆ. ಗಾಳಿಗೆ ಕೊಡೆ ಮಗುಚಿಕೊಂಡಿತು.

ಅಷ್ಟರಲ್ಲಿ ಫೋನ್ ಬಂತು, ಕಡಿದುಹೋಯಿತು. ತಗ್ಗಿನಲ್ಲಿ ಸಿಗ್ನಲ್ ಇರಲಿಲ್ಲ. ರತ್ನಮ್ಮ ಕಲ್ಲು ಬಿಟ್ಟು ಎದ್ದು, ಆ ವಯಸ್ಸಿಗೆ ಓಡಬಾರದ ಹಾಗೆ, ಗಣಿಯ ಎಂಜಿನ್ ಮನೆಯ ದಿಬ್ಬಕ್ಕೆ ಓಡಿದರು. ನಾನು ಹಿಂದೆ. ಬೇಲಿಗೆ ಒರಗಿ ನಿಂತಾಗ ಮತ್ತೆ ಕರೆ ಬಂತು. ಮೊದಲು ಮುಖಕವಚದ ನರ್ಸು, ಆಮೇಲೆ ಮಹಾದೇವ. ಕೊಳವೆಗಳ ಹಿಂದೆ ಮುಖ ಊದಿಕೊಂಡಿತ್ತು. ಆಕ್ಸಿಜನ್ ಯಂತ್ರದ, ದೊಡ್ಡ ಫ್ಯಾನಿನಂಥ ಸದ್ದು.

"ರೀ, ಕೇಳಿಸ್ತಾ? ತಿರುಗ್ಸಿದೆ ಕಣ್ರೀ. ವಾಪಸ್ ತಿರುಗ್ಸಿದೆ."

"ಎಲ್ಲಿದೀಯೇ? ಏನ್ ಗಾಳಿ ಅದು?"

"ಸಮುದ್ರದ ಹತ್ರ. ಆವತ್ತು ನಾನೇ ಅಂದಿದ್ದು. ನಿಮ್ ಹೋಟ್ಲು ಬಾಗ್ಲಾಕ್ಲಿ ಅಂತ. ನಾನ್ ಅಂದಿದ್ದಕ್ಕೇ ನಿಮ್ಗೆ..."

ಮಹಾದೇವ ಉಸಿರು ಒಟ್ಟುಗೂಡಿಸಿಕೊಳ್ಳಲು ಹೊತ್ತು ತೆಗೆದುಕೊಂಡರು.

"ನಿನ್ ಮಾತು," ಎಂದರು, "ಗಂಡ... ನಾನೇ ಯಾವತ್ತೂ ಕೇಳ್ಲಿಲ್ಲ. ಕಲ್ಲು ಕೇಳತ್ತೇನೇ?"

ಅದರ ಹಿಂದೆಯೇ ಅವರ ಗಂಟಲಿನಿಂದ ಒಂದು ಸದ್ದು ಬಂತು. ಚಿತ್ರ ಅಲ್ಲೇ ನಿಂತುಹೋಯಿತು, ಬಾಯಿ ತೆರೆದ ಹಾಗೇ. ಮತ್ತೆ ಲೈನು ಸಿಗಲಿಲ್ಲ.

ಅಂದು ಸಂಜೆ ಅವರನ್ನು ವೆಂಟಿಲೇಟರಿಗೆ ಹಾಕಿದರು. ಮುಂದಿನ ವಾರ ತೀರಿಕೊಂಡರು. ಸುಡುವ ಜಾಗಕ್ಕೆ ಹತ್ತೇ ಜನ ಹೋಗಬಹುದಿತ್ತು. ಹತ್ತು ಜನರೂ ಬರಲಿಲ್ಲ, ಭಯ. ಉಳಿದವರು ಫೋನಿನಲ್ಲಿ ನೋಡಿದರು. ತಿಂಗಳು ಕಳೆದ ಮೇಲೆ ರತ್ನಮ್ಮ ಹಿಂದಿನ ಕೋಣೆಗೆ ಬಂದು ಅಕ್ಕಿ ನೆನೆಹಾಕಿದರು. ಬಿಡಿ, ಸ್ವಲ್ಪ ದಿನ ಹೋಗಲಿ ಎಂದೆ. ಮನೆಯಲ್ಲಿ ಕೂತು ಏನು ಮಾಡಲಿ ಎಂದರು.

ಡಬ್ಬಿಗಳ ಮೇಲೆ ಈಗಲೂ ಅಂಗಡಿಯ ಹೆಸರೇ ಇದೆ. ರತ್ನಮ್ಮ ಕಡಿಮೆ ಮಾತಾಡುತ್ತಾರೆ, ಜಗಳಕ್ಕೆ ಜೊತೆಯಿಲ್ಲ. ಆದರೆ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತು ನೋಡಿ, ಕೈ ಒರೆಸಿಕೊಂಡು, ಕೌಂಟರಿನ ತುದಿಗೆ ಬಂದು ನಿಲ್ಲುತ್ತಾರೆ. ಏನು ಕೇಳುತ್ತಾರೆಂದು ನನಗೆ ಗೊತ್ತು.

"ಅಣ್ಣ, ಆವತ್ತು ಕೊನೇಲಿ ಅವ್ರು ನಕ್ಕಿದ್ದು ತಾನೇ? ಕೆಮ್ಮಿದ್ದಲ್ವಲ್ಲ?"

ಆ ಗಾಳಿಯಲ್ಲಿ, ಆ ಯಂತ್ರದ ಸದ್ದಿನಲ್ಲಿ, ಅದೇನೆಂದು ಯಾರು ಹೇಳಬಲ್ಲರು?

"ನಕ್ಕಿದ್ದಮ್ಮ."

"ನೀವೂ ಕೇಳಿಸ್ಕೊಂಡ್ರಲ್ವಾ?"

"ನಾನ್ ಪಕ್ಕದಲ್ಲೇ ಇದ್ನಲ್ಲ. ಚೆನ್ನಾಗೇ ಕೇಳಿಸ್ತು."

ಅವರು ನನ್ನ ಮುಖವನ್ನು ನೋಡುತ್ತಾರೆ, ಡಬ್ಬಿಯ ತಾರೀಖು ನೋಡುವ ಗಿರಾಕಿಯಂತೆ. ಆಮೇಲೆ ಒಳಗೆ ಹೋಗುತ್ತಾರೆ. ವಾರ ಕಳೆದು ಮತ್ತೆ ಕೇಳುತ್ತಾರೆ.